ಸಾಧಮ್ಮನ ಪಾಲಿನ ಬಿಸಿಲು

ನಮ್ಮ ಊರಿಗೆ ಬಿಸಿಲು ರಾಗಿ ಒಕ್ಕುವ ಒಂದು ಕಣದಷ್ಟು ಅಗಲ ಬರುತ್ತದೆ. ಅದಕ್ಕಿಂತ ಹೆಚ್ಚು ಬಂದದ್ದನ್ನು ನಾನು ಕಂಡಿಲ್ಲ, ನನ್ನ ಅತ್ತೆ ಕಂಡಿಲ್ಲ, ಅತ್ತೆಯ ಅತ್ತೆಯೂ ಕಂಡಿರಲಿಲ್ಲವಂತೆ. ಬೆಳಿಗ್ಗೆ ಮೂಡಲ ಕಡೆ ಕುಂಬಾರರ ಆವಿಗೆಯ ಮೇಲೆ ಇಳಿದು, ಒಂದೊಂದು ಅಂಗಳದಲ್ಲೂ ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು ಕೂತು, ಸಂಜೆಗೆ ಪಡುವಲ ಏರಿ ದಾಟಿ ಲಂಟಾನದ ಪೊದೆಗಳೊಳಗೆ ಹೋಗಿಬಿಡುತ್ತದೆ. ಉಳಿದ ಊರು ದಿನವಿಡೀ ತಿಳಿ ನೆರಳಿನಲ್ಲಿ, ಕೆರೆಯ ತಳದಲ್ಲಿ ಕೂತಂತೆ ಇರುತ್ತದೆ. ಬೇರೆ ಊರುಗಳಲ್ಲಿ ಬಿಸಿಲು ಬೇಕಾದಷ್ಟಿದೆ ಎಂದು ಬಸ್ಸಿನಲ್ಲಿ ಬಂದವರು ಹೇಳುತ್ತಾರೆ. ಇರಬಹುದು. ನಮಗೆ ಅದರ ಅಭ್ಯಾಸವಿಲ್ಲ.

ಬಿಸಿಲಿನ ದಾರಿಯಲ್ಲಿ ಮೂವತ್ತೆರಡು ಅಂಗಳಗಳಿವೆ. ಗಾಳಿ ಬಂದಾಗ ತೂರಿಕೋ ಎನ್ನುವುದು ಮಿಕ್ಕವರ ಗಾದೆ. ನಾವು ಬಿಸಿಲು ಬಂದಾಗ ಹಪ್ಪಳ, ಮೆಣಸಿನಕಾಯಿ, ಹಸುಗೂಸು, ಮುದುಕರು, ಎಲ್ಲವನ್ನೂ ಒಂದೇ ಚಾಪೆಯ ಮೇಲೆ ಹರವುತ್ತೇವೆ. ಬಿಸಿಲಿಗಿಂತ ಹತ್ತು ಹೆಜ್ಜೆ ಮುಂದೆ ಮರಿಗೌಡ ಕೈಗಂಟೆ ಅಲ್ಲಾಡಿಸುತ್ತ ನಡೆಯುತ್ತಾನೆ. ಅವನ ಗಂಟೆ ಕೇಳಿದ ಕೂಡಲೇ ಬಾಣಂತಿಯರು ಕೂಸಿನ ಕುಲಾವಿ ಬಿಚ್ಚುತ್ತಾರೆ. ನಮ್ಮಲ್ಲಿ ಹೆಣ್ಣು ಕೊಡುವವರು ಮೊದಲು ಕೇಳುವುದು ಅಂಗಳದ ವಿಚಾರ, ಹುಡುಗನ ವಿಚಾರ ಆಮೇಲೆ. ನನ್ನನ್ನೂ ಹಾಗೇ ಕೊಟ್ಟರು. ಹುಡುಗನ ವಿಚಾರವನ್ನೂ ನಾಲ್ಕು ಮಾತು ಕೇಳಿದ್ದರೆ ಒಳ್ಳೆಯದಿತ್ತು. ಮದುವೆಯಾದ ಮೂರನೇ ವರ್ಷ ಒಂದು ಬಸ್ಸು ಹತ್ತಿ ಹೋದವನು ಹೊರಗಿನ ಬಿಸಿಲಿನಲ್ಲೇ ಉಳಿದುಬಿಟ್ಟ. ಅಂಗಳ ಉಳಿಯಿತು, ಅತ್ತೆ ನಿಂಗಾಜಮ್ಮ ಉಳಿದರು. ನಾವಿಬ್ಬರೂ ಬಿಸಿಲಿಗೆ ಕಾಯುವವರೇ, ಆದರೆ ಅತ್ತೆಗೆ ಅದು ಔಷಧಿ. ಅವರ ಮಂಡಿಗಳು ಅಷ್ಟು ಹೊತ್ತು ಕಾದರೆ ಮಾತ್ರ ಆ ದಿನ ಮಡಚುತ್ತಿದ್ದವು.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ದಾನ ಬಿಸಿಲಿನ ದಾನ. ಯಾರ ಮನೆಯಲ್ಲಾದರೂ ಕಾಯಿಲೆ ಬಿದ್ದರೆ, ಹೆರಿಗೆಯಾದರೆ, ನಮ್ಮ ಪಾಳಿಯನ್ನು ಅವರಿಗೆ ಕೊಡಬಹುದು. ಆದರೆ ಕೊಟ್ಟವರು ಹಂಚಿಕೊಳ್ಳುವಂತಿಲ್ಲ. ಬಿಸಿಲು ಹೋಗುವ ತನಕ ಹೊಸಿಲಿನ ಒಳಗೇ ಇರಬೇಕು. ಇಂಥವರ ಬಿಸಿಲು ಇವತ್ತು ಇಂಥವರಿಗೆ ಎಂದು ಮರಿಗೌಡ ಹೆಸರು ಹಿಡಿದು ಕೂಗುತ್ತಾನೆ. ಹಾಗೆ ಕೂಗಿದ ಮೇಲೆ ತಡೆದವರ ಅಂಗಳವನ್ನು ಒಂದು ವರ್ಷ ಬಿಸಿಲಿನ ಲೆಕ್ಕದಿಂದ ತೆಗೆದುಬಿಡುತ್ತಾರೆ. ಅದಕ್ಕೇ ಯಾರೂ ತಡೆಯುವುದಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ಹಾವಿನ ಮನೆಯಲ್ಲಿ. ಅದನ್ನು ಕಟ್ಟಿದ್ದು ಬಿಸಿಲಿನ ದಾರಿಯಿಂದ ಮೂರು ಬೀದಿ ಆಚೆ, ಕಲ್ಲುಗೋಡೆಯ ಹಳೆಯ ಉಗ್ರಾಣದಲ್ಲಿ. ಮನುಷ್ಯರಿಗೇ ಸಾಲದ ಬಿಸಿಲನ್ನು ಹಾವುಗಳ ಮೇಲೆ ಚೆಲ್ಲುತ್ತಾರೆಯೇ? ಹುಟ್ಟಿದಾಗಿನಿಂದ ಕಾಣದೇ ಇದ್ದದ್ದನ್ನು ಅವು ಬೇಡುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಎರಡು ನಾಗರಗಳಿದ್ದವು. ಬಾಲದ ತುದಿ ಉದುರಿಹೋಗಿದ್ದ ಒಂದು ಉಡವಿತ್ತು. ಮೂರು ಆಮೆಗಳ ಚಿಪ್ಪಿನ ಮೇಲೆ ಬಂದವರು ಮೊಳೆಯಲ್ಲಿ ಕೆತ್ತಿದ ಹೆಸರುಗಳಿದ್ದವು. ಹಿಂದಿನ ಕೋಣೆಯ ತೊಟ್ಟಿಯಲ್ಲಿ ಒಂದು ಮೊಸಳೆ. ಅದನ್ನು ತೊಟ್ಟಿಗೆ ಇಳಿಸಿದ್ದು ಮರಿಯಾಗಿದ್ದಾಗ, ಈಗ ತಿರುಗಲು ಜಾಗವಿರಲಿಲ್ಲ, ಯಾವಾಗಲೂ ಬಾಗಿಲ ಕಡೆಗೇ ಮುಖ. ಬದುಕಿದೆಯೋ ಇಲ್ಲವೋ ನೋಡೋಣವೆಂದು ಜನ ಅದರ ಬೆನ್ನ ಮೇಲೆ ಕಲ್ಲು ಉದುರಿಸುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಬಾಯಲ್ಲಿ ಹೇಳುವುದು ಸುಲಭ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ, ಒಂದು ದಿನವೂ ಬೇಡ ಎನ್ನಲಿಲ್ಲ.

ಎಲ್ಲರೂ ಬರುತ್ತಿದ್ದದ್ದು ಸಾಧಮ್ಮನಿಗಾಗಿ. ಸಾಧಮ್ಮ ಎಂದರೆ ಹನ್ನೊಂದು ಅಡಿ ಉದ್ದದ ಹೆಬ್ಬಾವು. ಅದಕ್ಕೆ ಆ ಹೆಸರಿಟ್ಟದ್ದು ಊರೇ. ಮಕ್ಕಳು ಕೊರಳಿಗೆ ಸುತ್ತಿಕೊಂಡರೂ, ಮದುಮಕ್ಕಳು ತೊಡೆಯ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರೂ ಅದು ಮಿಸುಕುತ್ತಿರಲಿಲ್ಲ. ನಮ್ಮ ಊರಿನ ಹಾವು ಕಚ್ಚುವುದಿಲ್ಲ ಎನ್ನುವುದು ನಮ್ಮ ದೊಡ್ಡಸ್ತಿಕೆ. ಬೇರೆಯವರ ಊರಿನ ಹಸುಗಳೇ ಅಷ್ಟು ಸಾಧುವಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದೆವು. ಅದನ್ನು ಎತ್ತಿ ಬಂದವರ ಕೊರಳಿಗೆ ಹಾಕುವುದು ನನ್ನ ಕೆಲಸ. ಪ್ರತಿ ತಂಡ ಒಳಗೆ ಬರುವ ಮೊದಲು ಎಲ್ಲ ಪ್ರಾಣಿಗಳ ಮೇಲೆ ಒಂದೊಂದು ಕೊಡ ಬಾವಿಯ ನೀರು ಸುರಿಯುವುದೂ ನನ್ನ ಕೆಲಸ. ಅದನ್ನು ಸ್ನಾನ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ನಾನು ಮಕ್ಕಳಿಗೆ ಎರೆಯುವಷ್ಟೇ ಅಕ್ಕರೆಯಿಂದ ಆ ನೀರು ಎರೆದೆ. ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಹಿಡಿಯುತ್ತಿದ್ದೆ.

ಆ ವರ್ಷ ಸಾಧಮ್ಮ ತಿನ್ನುವುದನ್ನು ಬಿಟ್ಟಳು. ನುಂಗಿದ್ದನ್ನು ನಾಲ್ಕು ದಿನ ಬಿಟ್ಟು ಹಾಗೇ ಹೊರಗೆ ಹಾಕುತ್ತಿದ್ದಳು. ಪೊರೆ ಒಂದೇ ಸಲ ಬಿಡದೆ ಹಳೆಯ ಸುಣ್ಣದ ಗೋಡೆಯಂತೆ ಚೂರುಚೂರಾಗಿ ಏಳುತ್ತಿತ್ತು. ಬಾಯಿಯ ಅಂಚಿನಲ್ಲಿ ನೊರೆ ಕಾಣಿಸಿತು. ಆಮೇಲೆ ತಲೆಯನ್ನು ನೆಟ್ಟಗೆ ಮೇಲಕ್ಕೆತ್ತಿ, ಬಾಯಿ ಕೊಂಚ ತೆರೆದು, ಮಾಳಿಗೆಯನ್ನೇ ನೋಡುತ್ತ ಗಂಟೆಗಟ್ಟಲೆ ನಿಲ್ಲತೊಡಗಿದಳು. ಮ್ಯಾನೇಜರ್ ಶಿವನಂಜಪ್ಪನವರು ಬಂದು ನೋಡಿದರು. ಮರುದಿನ ಬಾಗಿಲಿನಲ್ಲಿ ಹೊಸ ಬೋರ್ಡು ಬಂತು: ಧ್ಯಾನ ಮಾಡುವ ಹೆಬ್ಬಾವು. ಬರುವ ಬಸ್ಸುಗಳು ಎರಡು ಪಟ್ಟಾದವು. ಜನ ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದರು. ಪಕ್ಕದ ಮನೆಯ ಚಿಕ್ಕತಾಯಿ ದಿನಾ ಒಂದು ಕಣಗಿಲೆ ಹೂ ತಂದು ಅದರ ಮುಂದೆ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ನಾನೂ ಒಂದೆರಡು ಸಲ ಕೈಮುಗಿದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಹಾವಿನ ಮನೆಯ ಬಾವಿ ಹಗ್ಗ ಕಡಿದುಹೋಯಿತು. ಬಸ್ಸು ಬಂದು ನಿಂತಿದೆ, ಸ್ನಾನ ಆಗಿಲ್ಲ. ಓಡಿ ಮನೆಗೆ ಬಂದು ಅಂಗಳದಲ್ಲಿದ್ದ ತಾಮ್ರದ ಕೊಡ ಎತ್ತಿಕೊಂಡು ಹೋದೆ. ಅದು ಅತ್ತೆ ಮಂಡಿ ತೊಳೆದುಕೊಳ್ಳಲು ಬಿಸಿಲಿಗೆ ಇಟ್ಟಿದ್ದ ಕೊಡ ಎನ್ನುವುದು ಸುರಿಯುವಾಗ ಕೈಗೆ ಗೊತ್ತಾಯಿತು. ಬೆಚ್ಚಗಿನ ನೀರು ಬೆನ್ನ ಮೇಲೆ ಹರಿಯುತ್ತಿದ್ದಂತೆ ಸಾಧಮ್ಮನ ಮೈಯಲ್ಲಿ ಒಂದು ಅಲೆ ಎದ್ದಿತು. ನಾಲಿಗೆ ಹೊರಗೆ ಬಂತು, ಒಂದು ಸಲ, ಎರಡು ಸಲ. ಅವಳು ನಿಧಾನವಾಗಿ ನನ್ನ ಮುಂಗೈಗೆ ಸುತ್ತಿಕೊಂಡು, ಕೊಡದ ಕಡೆಗೆ ಮೈ ಎಳೆದು, ಆ ತಾಮ್ರಕ್ಕೆ ಗಲ್ಲ ಒತ್ತಿ ಮಲಗಿದಳು. ನನ್ನ ಕೈ ಜೋಮು ಹಿಡಿಯುವಷ್ಟು ಬಿಗಿ ಆ ಸುತ್ತಿನಲ್ಲಿತ್ತು. ಇವಳು ಬಂದಾಗಿನಿಂದ ಎಂಟು ವರ್ಷ ಎತ್ತಿಳಿಸಿದ್ದೆ, ಅವಳಿಗೆ ಶಕ್ತಿ ಎನ್ನುವುದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೊಡ ಆರುತ್ತಿದ್ದಂತೆ ಹಿಡಿತ ಸಡಿಲಾಯಿತು, ತಲೆ ಮತ್ತೆ ಮಾಳಿಗೆಯ ಕಡೆಗೆ ಎದ್ದಿತು. ನಾನು ಎರೆದದ್ದು ಸ್ನಾನವಲ್ಲ ಎನ್ನುವುದು ಆಗ ತಿಳಿಯಿತು. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಶಿವನಂಜಪ್ಪನವರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದರು.

"ಸಾರ್, ಸಾಧಮ್ಮಂಗೆ ಚಳಿ," ಎಂದೆ.

"ಗೊತ್ತು."

"ಗೊತ್ತಾ?"

"ಚಳಿ ಇರೋದಕ್ಕೇ, ದೇವೀರಮ್ಮ, ಅದು ಸಾಧು. ಬೆಚ್ಚಗಾದ್ರೆ ಹಾವು ಹಾವೇ ಆಗ್ತದೆ. ಆಮೇಲೆ ಯಾರು ಕೊರಳೊಡ್ತಾರೆ? ನಿನ್ನ ತಣ್ಣೀರು ಕೊಡ ಯಾತಕ್ಕೆ ಅಂದ್ಕೊಂಡಿದ್ದೆ ಇಷ್ಟು ದಿನ?"

"ಸ್ನಾನ ಅಂದಿದ್ರಿ."

"ಸ್ನಾನಾನೇ ಅನ್ಕೋ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಈಗ ಸಾಯ್ತಾ ಐತೆ ಸಾರ್. ಒಂದು ಪಾಳಿ ಬಿಸಿಲು ಸಿಕ್ಕಿದ್ರೆ."

ಅವರು ಕೆಟ್ಟವರಂತೆ ನಗಲಿಲ್ಲ. ಆಯಾಸವಾದವರಂತೆ ಲೋಟ ಕೆಳಗಿಟ್ಟರು. "ಸತ್ರೆ ಇನ್ನೊಂದು ತರ್ಸೋಣ. ಅದಕ್ಕೂ ಸಾಧಮ್ಮ ಅಂತ್ಲೇ ಇಡೋಣ. ಇದೇನು ಮೊದಲ್ನೇದಾ? ನೀನು ಬಂದ್ಮೇಲೆ ಇದು ಮೂರ್ನೇದಲ್ವಾ?"

ಹೌದು, ಮೂರನೆಯದು. ಮೊದಲಿನ ಎರಡನ್ನೂ ಹಿತ್ತಲಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದ್ದು ನಾನೇ. ವಯಸ್ಸಾಗಿತ್ತು ಎಂದುಕೊಂಡಿದ್ದೆ. ಹೆಬ್ಬಾವಿಗೆ ಎಷ್ಟು ವಯಸ್ಸಾದರೆ ವಯಸ್ಸು ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಪಾಳಿ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಆ ಸಂಜೆ ಅವರ ಮಂಡಿಗೆ ಎಣ್ಣೆ ತಿಕ್ಕುತ್ತ ವಿಷಯ ಎತ್ತಿದೆ. ಅವರು ಕಾಲು ಎಳೆದುಕೊಂಡರು.

"ಹಾವಿಗೆ ಹಾಲೆರೆದೋರ ಕಥೆ ಕೇಳಿವ್ನಿ, ಬಿಸಿಲು ಎರೆದೋರ ಕಥೆ ಕೇಳಿಲ್ಲ. ನನ್ನ ಮಂಡಿಗಿಂತ ನಿನ್ನ ಹಾವು ಹೆಚ್ಚಾಯ್ತೇನೇ?"

"ಹೆಚ್ಚು ಅಂತಲ್ಲ ಅತ್ತೆ."

"ಮತ್ತೆ?"

ನನ್ನ ಕೈಯಾರೆ ಸಾಯಿಸ್ತಾ ಇದೀನಿ ಎಂದೆ. ಅತ್ತೆ ಗೋಡೆಯ ಕಡೆಗೆ ಮಗ್ಗುಲಾದರು. ಅವರು ಮಾತು ನಿಲ್ಲಿಸಿದರೆಂದರೆ ಒಪ್ಪಲಿಲ್ಲವೆಂದೇ ಅರ್ಥ. ನಾನು ದೀಪ ಸಣ್ಣದು ಮಾಡಿದೆ.

ಆದರೆ ಮಾರನೆಯ ದಿನ, ಬಸ್ಸಿನವರು ಸಾಧಮ್ಮನ ಸುತ್ತ ಕೈಮುಗಿದು ನಿಂತಿದ್ದಾಗ, ಗೋಡೆ ಹಿಡಿದು ಗೋಡೆ ಹಿಡಿದು ಅತ್ತೆ ಬಂದರು. ಮೂರು ಬೀದಿ ನಡೆದು ಬಂದಿದ್ದರು. ಜನರ ನಡುವೆ ತೂರಿಕೊಂಡು ಮುಂದೆ ಬಂದು, ಎತ್ತಿದ ಆ ತಲೆಯನ್ನೂ ತೆರೆದ ಬಾಯನ್ನೂ ಬಹಳ ಹೊತ್ತು ನೋಡಿದರು. ನನ್ನನ್ನು ನೋಡಲಿಲ್ಲ.

"ಯಾರು ಹೇಳಿದ್ದು ಇದನ್ನ ಧ್ಯಾನ ಅಂತ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. "ಉಸಿರು ಸಿಕ್ತಾ ಇಲ್ಲ ಇದಕ್ಕೆ. ನನ್ನ ಯಜಮಾನ್ರು ಕೊನೇ ಮೂರು ದಿವಸ ಹಿಂಗೇ ಕೂತಿದ್ರು, ಮಾಳಿಗೆ ನೋಡ್ಕೊಂಡು."

ಚಿಕ್ಕತಾಯಿಯ ಕೈಯಲ್ಲಿದ್ದ ಕಣಗಿಲೆ ಹೂ ಹಾಗೇ ಉಳಿಯಿತು. ಅತ್ತೆ ಬಂದಂತೆಯೇ ಗೋಡೆ ಹಿಡಿದು ಹೊರಟರು. ಬಾಗಿಲ ಬಳಿ ನಿಂತು, "ಸೋಮವಾರ ಇಲ್ಲಿ ರಜ ಅಲ್ವೇನೇ? ಅವತ್ತು ತತ್ತಾ," ಎಂದರು.

ಸೋಮವಾರ ಅವಳನ್ನು ಕಂಬಳಿಯಲ್ಲಿ ಸುತ್ತಿ ಕುಕ್ಕೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ನಡೆದೆ. ಹನ್ನೊಂದು ಅಡಿಯ ಹಾವು ಹೊಟ್ಟು ತುಂಬಿದ ಚೀಲದಷ್ಟು ಹಗುರವಾಗಿತ್ತು. ಅಂಗಳದಲ್ಲಿ ಚಾಪೆ ಹಾಸಿ ಇಳಿಸಿದೆ. ಅತ್ತೆ ಹೊಸಿಲಿನ ಒಳಗೆ ಕಾಲು ನೀಡಿ ಕೂತಿದ್ದರು. ಗಂಟೆ ಹತ್ತಿರವಾಯಿತು. ಮರಿಗೌಡ ಬಂದು ಚಾಪೆ ನೋಡಿದ, ಹೊಸಿಲು ನೋಡಿದ, ಬಾಯಿ ತೆರೆದ.

"ನಿಂಗಾಜಕ್ಕ, ಬಿಸಿಲು ಯಾರಿಗೆ?"

"ಸಾಧಮ್ಮಂಗೆ."

"ಹಾವಿಗೆ ಕೂಗೋದುಂಟಾ?"

"ಹೆಸರಿರೋರಿಗೆ ಕೂಗ್ಬೇಕು ಅಂತ ತಾನೇ ಇರೋದು? ಹೆಸರು ಐತೆ. ಇಟ್ಟೋರು ನಾವಲ್ಲ, ಊರು. ಕೂಗಪ್ಪ, ಬಿಸಿಲು ಬಂತು."

ಮರಿಗೌಡನ ಹಿಂದೆಯೇ ಬಿಸಿಲಿನ ಅಂಚು ನಮ್ಮ ಕಟ್ಟೆಯನ್ನು ಹತ್ತುತ್ತಿತ್ತು. ಅವನು ಗಂಟಲು ಸರಿಪಡಿಸಿಕೊಂಡು ಕೂಗಿದ. ನಿಂಗಾಜಮ್ಮನ ಮನೆಯ ಬಿಸಿಲು ಇವತ್ತು ಸಾಧಮ್ಮನಿಗೆ. ಆ ಮಾತು ಬೀದಿಯಲ್ಲಿ ಮನೆಯಿಂದ ಮನೆಗೆ ದಾಟಿಹೋಯಿತು, ಜನ ಒಬ್ಬೊಬ್ಬರಾಗಿ ಬೇಲಿಯ ಹತ್ತಿರ ಬಂದರು. ಬಿಸಿಲು ಮೊದಲು ಅವಳ ಬಾಲವನ್ನು ಮುಟ್ಟಿತು, ಆಮೇಲೆ ಬೆನ್ನು, ಆಮೇಲೆ ತಲೆ. ಹತ್ತೊಂಬತ್ತು ವರ್ಷದಲ್ಲಿ ನಾನು ಹೆಬ್ಬಾವಿನ ಬಣ್ಣ ನೋಡಿಯೇ ಇರಲಿಲ್ಲ. ಮಣ್ಣಿನ ಬಣ್ಣ ಎಂದುಕೊಂಡಿದ್ದ ಮೈಯಲ್ಲಿ ಎಣ್ಣೆ ಬಿದ್ದ ನೀರಿನ ಹಾಗೆ ನೀಲಿ, ನೇರಳೆ, ಹಸಿರು ಎದ್ದು ಓಡಾಡಿದವು. ಅವಳು ಮೈ ಬಿಚ್ಚಿದಳು, ಪೂರ್ತಿ ಉದ್ದ ಬಿಚ್ಚಿದಳು. ಬೇಲಿಯ ಜನ ಒಂದು ಹೆಜ್ಜೆ ಹಿಂದೆ ಸರಿದರು. ನಮ್ಮ ಊರಿನವರು ಹಾವು ಕಂಡು ಹಿಂದೆ ಸರಿದದ್ದು ಅದೇ ಮೊದಲು.

ಅಷ್ಟರಲ್ಲಿ ಶಿವನಂಜಪ್ಪನವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದರು. ಅವರ ಮನೆಯದೂ ಬಿಸಿಲಿನ ದಾರಿಯಲ್ಲಿ ಇಪ್ಪತ್ತನೆಯ ಅಂಗಳ, ಹಾಗಾಗಿ ಬೇಲಿಯ ಹೊರಗೇ ನಿಂತರು. "ಈ ಪಾಳಿ ಮುಗೀಲಿ, ಎತ್ಕೊಂಡು ಹೋಗ್ತೀನಿ," ಎಂದರು. ಪಾಳಿ ಮುಗಿಯುವ ಹೊತ್ತಿಗೆ ಪಕ್ಕದ ಅಂಗಳದಿಂದ ಚಿಕ್ಕತಾಯಿ, "ಮರಿಗೌಡಣ್ಣ, ನಮ್ದೂ ಸಾಧಮ್ಮಂಗೇ ಕೂಗಿಬಿಡು," ಎಂದಳು. ಹಪ್ಪಳದ ಚಾಪೆ ಸುತ್ತಿಕೊಂಡು ಒಳಗೆ ಹೋಗುತ್ತ ನನಗೆ ಮಾತ್ರ ಕೇಳುವಂತೆ, "ಉಸಿರಿಗೆ ಒದ್ದಾಡೋದರ ಮುಂದೆ ಹೂವಿಟ್ಟೆ ಕಣೇ ನಾನು," ಎಂದಳು. ಅವಳ ಆಚೆಯ ಮನೆಯವರೂ ಕೊಟ್ಟರು. ಎಲ್ಲರೂ ಕೊಡಲಿಲ್ಲ, ಬಾಣಂತಿ ಇದ್ದವರು ಹೇಗೆ ಕೊಡುತ್ತಾರೆ, ಶಿವನಂಜಪ್ಪನವರ ಹೆಂಡತಿ ಬಾಗಿಲನ್ನೇ ತೆರೆಯಲಿಲ್ಲ. ಆದರೂ ಸಂಜೆಯ ಹೊತ್ತಿಗೆ ಹನ್ನೊಂದು ಮನೆಯವರು ಒಳಗೆ ನೆರಳಿನಲ್ಲಿ ಕೂತರು, ಸಾಧಮ್ಮ ಹನ್ನೊಂದು ಅಂಗಳ ದಾಟಿದಳು. ನಾಳೆಯ ದಾನವನ್ನೂ ಮರಿಗೌಡ ಆಗಲೇ ಕೂಗಿ ಮುಗಿಸಿದ್ದ, ಕೂಗಿದ್ದನ್ನು ತಡೆಯುವಂತಿಲ್ಲ. ಅವಳನ್ನು ಕೇಳಿಕೊಂಡು ಬಂದ ಶಿವನಂಜಪ್ಪನವರು ಬರಿಗೈಯಲ್ಲಿ ಹೋದರು. ರಾತ್ರಿಗೆ ನಮ್ಮ ಒಲೆಯ ಪಕ್ಕದಲ್ಲೇ ಅವಳಿಗೆ ಜಾಗ ಮಾಡಿದೆ.

ಹೀಗೆ ದಿನಗಳು ಹೋದವು. ಬಿಸಿಲಿನ ಹಿಂದೆ ನಾನು, ನನ್ನ ತಲೆಯ ಮೇಲೆ ಕುಕ್ಕೆ. ಅಂಗಳದಿಂದ ಅಂಗಳಕ್ಕೆ ನಡೆಯುವಾಗ ಇದು ಎಚ್ಚರವೋ ನಿದ್ದೆಯೋ ಎನ್ನಿಸುತ್ತಿತ್ತು. ಬೀದಿ ಪೂರ್ತಿ ನೆರಳು, ಮುಂದೆ ಒಂದು ಕಣದಷ್ಟು ಬೆಳಕು, ಅದರ ಕಡೆಗೆ ಎಷ್ಟು ನಡೆದರೂ ಅದೇ ಗಂಟೆ. ನೊರೆ ನಿಂತಿತು. ತಲೆ ಕೆಳಗಿಳಿದು ಸುರುಳಿಯ ಮೇಲೆ ಒರಗಿತು. ಒಂಬತ್ತನೆಯ ದಿನ ಬಡಗಿ ಕಾಳಾಚಾರಿಯ ಅಂಗಳದಲ್ಲಿ ಅವಳು ಇಡೀ ಪೊರೆಯನ್ನು ಒಂದೇ ಚೂರಾಗಿ ಬಿಟ್ಟಳು. ಕುಕ್ಕೆ ದಿನೇದಿನೇ ಭಾರವಾಗುತ್ತಿತ್ತು, ಇಲ್ಲವೆ ನನಗೆ ಹಾಗೆ ಅನ್ನಿಸುತ್ತಿತ್ತು. ಆದರೆ ಮನೆಯಲ್ಲಿ ಅತ್ತೆಯ ಮಂಡಿ ಪೂರ್ತಿ ಹಿಡಿದುಕೊಂಡಿತ್ತು. ನಾನೇ ಎತ್ತಿ ಕೂರಿಸಬೇಕಾಗಿತ್ತು. ನಾಳೆ ಬೇಡ ಅತ್ತೆ, ನೀವೇ ಕೂತ್ಕೊಳ್ಳಿ ಎಂದರೆ, "ಕೊಟ್ಟಿದ್ದನ್ನ ಅರ್ಧಕ್ಕೆ ಕಿತ್ಕೊಳ್ಳೋ ವಂಶ ಅಲ್ಲ ನಮ್ದು," ಎಂದು ಬೈಯುತ್ತಿದ್ದರು. ಬೈಗುಳದಲ್ಲಿ ಮೊದಲಿನ ಖಾರ ಇರಲಿಲ್ಲ, ಅದು ನನಗೆ ಹೆಚ್ಚು ನೋವಾಗುತ್ತಿತ್ತು.

ಹನ್ನೆರಡನೆಯ ದಿನ ಸಂಜೆ ಕೊನೆಯ ಅಂಗಳಕ್ಕೆ ಬಂದೆವು. ಅದರಾಚೆ ಏರಿ, ಏರಿಯಾಚೆ ಪೊದೆಗಳು. ಶಿವನಂಜಪ್ಪನವರು ಎರಡು ಗೋಣಿಚೀಲ ಹಿಡಿದು ಬಂದು ಕಾಯುತ್ತ ನಿಂತಿದ್ದರು. ಮಾರನೆಯ ದಿನಕ್ಕೆ ಅತ್ತೆಯದೊಂದು ಬಿಟ್ಟು ಬೇರೆ ಯಾರ ದಾನವೂ ಉಳಿದಿರಲಿಲ್ಲ, ಅದನ್ನೂ ಮರಿಗೌಡ ಇನ್ನೂ ಕೂಗಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. "ಗುಣವಾಯ್ತಲ್ಲ ದೇವೀರಮ್ಮ, ಬಹಳ ಸಂತೋಷ. ಇನ್ನು ಮನೆಗೆ ಹೋಗ್ಲಿ. ನಾಳೆ ಮೂರು ಬಸ್ಸು ಬರ್ತಾವೆ," ಎಂದರು. ಬಿಸಿಲು ಮೆಲ್ಲಗೆ ಅಂಗಳ ಬಿಟ್ಟು ಹೊರಟಿತು. ಮಿಕ್ಕ ದಿನಗಳಲ್ಲಿ ಬಿಸಿಲು ಸರಿದರೆ ಸಾಧಮ್ಮ ಸುಮ್ಮನೆ ಬಿದ್ದಿರುತ್ತಿದ್ದಳು, ನಾನು ಎತ್ತುತ್ತಿದ್ದೆ. ಅವತ್ತು ಅವಳು ಎದ್ದಳು. ಬಿಸಿಲಿನ ಜೊತೆಗೇ, ಅದರದೇ ನಡಿಗೆಯಲ್ಲಿ, ಬೇಲಿಯ ಸಂದಿಯಿಂದ ಹೊರಬಿದ್ದು ಏರಿ ಹತ್ತತೊಡಗಿದಳು.

"ಹಿಡಿಯೇ ಅವಳ್ನ," ಎಂದರು ಶಿವನಂಜಪ್ಪನವರು.

ಬಿಟ್ಟುಬಿಟ್ಟೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ನಾನು ಓಡಿದೆ. ಹತ್ತೊಂಬತ್ತು ವರ್ಷ ಹಿಡಿ ಎಂದಾಗ ಹಿಡಿದ ಕೈ ಅದು, ನನ್ನನ್ನು ಕೇಳಲಿಲ್ಲ. ಏರಿಯ ತಲೆಯಲ್ಲಿ ಬಗ್ಗಿ ಅವಳ ನಡುವನ್ನು ಹಿಡಿದು ಎತ್ತಿದೆ. ಆಗ ಅವಳು ತಿರುಗಿ ನನ್ನ ಮುಂಗೈ ಕಚ್ಚಿದಳು. ಹೆಬ್ಬಾವಿಗೆ ವಿಷವಿಲ್ಲ, ಆದರೆ ಹಲ್ಲು ಬೇಕಾದಷ್ಟಿದೆ. ನಾನು ಅವಳ ಕಣ್ಣು ನೋಡಿದೆ. ಅದರಲ್ಲಿ ನನ್ನ ಗುರುತು ಇರಲಿಲ್ಲ, ದ್ವೇಷವೂ ಇರಲಿಲ್ಲ. ಬಿಡು ಎನ್ನುವುದೊಂದೇ ಇತ್ತು. ನಾನು ಬಿಟ್ಟೆ. ಆಮೇಲೆ ಅವಳೂ ಬಿಟ್ಟಳು. ಹನ್ನೊಂದು ಅಡಿಯೂ ನನ್ನ ಕಾಲ ಪಕ್ಕದಿಂದ ಹರಿದು ಏರಿ ಇಳಿದು, ಬಿಸಿಲು ಹೋದ ಕಡೆಗೆ, ಪೊದೆಗಳೊಳಗೆ ಹೋಯಿತು. ಶಿವನಂಜಪ್ಪನವರು ಚೀಲ ಹಿಡಿದೇ ನಿಂತಿದ್ದರು, ಹತ್ತಿರ ಬರಲಿಲ್ಲ.

ಮನೆಗೆ ಬಂದಾಗ ಅತ್ತೆ ಕೂತಲ್ಲಿಂದಲೇ ಕೈ ಚಾಚಿದರು. ರಕ್ತ ತೊಳೆದು, ಅರಿಸಿನ ಮೆತ್ತಿ, ಹಲ್ಲಿನ ಗುರುತುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದರು.

"ನೋಯ್ತದಾ?"

"ನೋಯ್ತದೆ ಅತ್ತೆ."

"ಎಂಟು ವರ್ಷದ್ದನ್ನ ಒಂದೇ ಸಲ ಕೊಟ್ಟವ್ಳೆ," ಎಂದರು. "ಕಮ್ಮೀನೇ ಆಯ್ತು."

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು. ಅವರು ತಡೆಯಲಿಲ್ಲ, ಹಿಡಿದುಹೋದ ತಮ್ಮ ಮಂಡಿಯನ್ನು ಸರಿಸಲೂ ಇಲ್ಲ.

ಮರುದಿನ ಅತ್ತೆಯನ್ನು ಎತ್ತಿ ತಂದು ಬಿಸಿಲಿನಲ್ಲಿ ಕೂರಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಹಾವಿನ ಮನೆಗೆ ಹೋದೆ. ಬಸ್ಸಿನವರು ಬಂದು, ಕೊರಳಿಗೆ ಹಾಕಿಕೊಳ್ಳಲು ಏನೂ ಇಲ್ಲವೆಂದು ತಿಳಿದು ಹಿಂದಿರುಗಿದ್ದರು. ಹಿಂದಿನ ಕೋಣೆಯಲ್ಲಿ ಚಿಕ್ಕತಾಯಿ, ಕಾಳಾಚಾರಿ, ಮರಿಗೌಡ ತೊಟ್ಟಿಯ ಸುತ್ತ ನಿಂತು ಮೊಸಳೆಯನ್ನು ನೋಡುತ್ತಿದ್ದರು. ಅದೂ ಅವರನ್ನೇ ನೋಡುತ್ತಿತ್ತು, ಬೇರೆ ಕಡೆ ತಿರುಗಲು ಅದಕ್ಕೆ ಜಾಗವೆಲ್ಲಿ? ಇದನ್ನು ಬಿಸಿಲಿಗೆ ಒಯ್ಯಬೇಕಾದರೆ ಎಷ್ಟು ಜನ ಬೇಕು ಎಂದು ಕಾಳಾಚಾರಿ ಕೇಳಿದ. ಆರು ಜನ ಬೇಕು, ಒಂದು ಏಣಿ ಬೇಕು ಎಂದೆ. ಬಾಲದ ಕಡೆ ತಾನು ಹಿಡಿಯುವುದಾಗಿ ಮರಿಗೌಡ ಮೊದಲೇ ಹೇಳಿಬಿಟ್ಟ. ಹಾಗಾದರೆ ಬಾಯಿಯ ಕಡೆ ಯಾರು ಎಂದು ಚಿಕ್ಕತಾಯಿ ಕೇಳಿದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯ ಆ ಬದಿಗೆ ಹೋಗಿ ನಿಂತೆ.